ಹೋಮರನಿಗೂ ಯೆಶಾಯನಿಗೂ ನಡುವೆ: ಮಿಲ್ಟನ್ ಕವಿಯ ಬಾಳು

ಆಂಗ್ಲ ಕಾವ್ಯವನ್ನು ಹೊಸದಾಗಿ ಓದತೊಡಗಿದ ನಮ್ಮ ವಿದ್ಯಾರ್ಥಿಗೆ ಭಾಷೆಗಿಂತ ದೊಡ್ಡ ತೊಡಕೊಂದು ಎದುರಾಗುತ್ತದೆ. ಒಂದು ಪಂಕ್ತಿಯಲ್ಲಿ ಗ್ರೀಕರ ದೇವತೆಯೊಬ್ಬಳ ಹೆಸರು ಬಂದರೆ ಮರುಪಂಕ್ತಿಯಲ್ಲಿ ಯೆಹೂದ್ಯರ ಪ್ರವಾದಿಯೊಬ್ಬನ ಹೆಸರು ಬರುತ್ತದೆ. ಅಡಿಟಿಪ್ಪಣಿಯನ್ನು ನೋಡಿ, ಪರೀಕ್ಷೆಗೆ ಬೇಕಾದಷ್ಟನ್ನು ಬಾಯಿಪಾಠ ಮಾಡಿ, ಅವನು ಮುಂದೆ ಸಾಗುತ್ತಾನೆ. ಇವೆಲ್ಲ ಕಾವ್ಯಕ್ಕೆ ತೊಡಿಸಿದ ಒಡವೆಗಳೆಂದು ಅವನ ಭಾವನೆ. ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳ ಪ್ರಾಚೀನ ಕೃತಿಗಳು ಒಂದು ಕಡೆ, ಬೈಬಲ್ ಇನ್ನೊಂದು ಕಡೆ, ಹೀಗೆ ಎರಡು ಮೂಲಗಳಿಂದ ಪಾಶ್ಚಾತ್ಯ ಸಾಹಿತ್ಯ ಹರಿದುಬಂದಿದೆ ಎಂದು ಚರಿತ್ರಕಾರರು ಬರೆಯುವಾಗಲೂ ಅವು ಸುಖವಾಗಿ ಕೂಡಿ ಹರಿದ ಹೊಳೆಗಳೆಂಬ ಅರ್ಥ ಬಂದುಬಿಡುತ್ತದೆ. ಹಾಗೇನೂ ಆಗಲಿಲ್ಲ. ಒಂದರಲ್ಲಿ ದೇವರುಗಳು ಅನೇಕ. ಅವರು ಪ್ರೇಮಿಸುತ್ತಾರೆ, ಜಗಳವಾಡುತ್ತಾರೆ, ವಂಚಿಸುತ್ತಾರೆ. ಇನ್ನೊಂದರಲ್ಲಿ ದೇವರು ಒಬ್ಬನೇ. ಅನ್ಯದೇವರನ್ನು ಅವನು ಸಹಿಸುವುದಿಲ್ಲ. ಎರಡನ್ನೂ ಒಂದೇ ಎದೆಯಲ್ಲಿ ಇಟ್ಟುಕೊಂಡವನ ಪಾಡೇನು? ಈ ಪ್ರಶ್ನೆಗೆ ಸಾಹಿತ್ಯಚರಿತ್ರೆಗಳಿಗಿಂತ ಒಬ್ಬ ಕವಿಯ ಬಾಳೇ ಚೆನ್ನಾಗಿ ಉತ್ತರ ಕೊಡುತ್ತದೆಂದು ನನಗೆ ತೋರುತ್ತದೆ. ಆ ಕವಿ ಜಾನ್ ಮಿಲ್ಟನ್.

ಮಿಲ್ಟನ್ ಹುಟ್ಟಿದ್ದು ಲಂಡನ್ ನಗರದ ಬ್ರೆಡ್ ಸ್ಟ್ರೀಟಿನಲ್ಲಿ, ೧೬೦೮ನೆಯ ಇಸವಿ ಡಿಸೆಂಬರ್ ೯ರಂದು, ಶುಕ್ರವಾರ ಬೆಳಗಿನ ಆರೂವರೆ ಗಂಟೆಗೆ. ಮನೆಯ ಬೈಬಲ್ಲಿನ ಹಾಳೆಯಲ್ಲಿ ಅವನೇ ಮುಂದೆ ಇದನ್ನು ಬರೆದಿಟ್ಟಿರುವುದರಿಂದ ಇಷ್ಟು ಖಚಿತವಾಗಿ ಹೇಳಬಹುದಾಗಿದೆ. ೧೬೧೨ರಲ್ಲಿ ಅಚ್ಚಾದ ಆ ಪ್ರತಿ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅವನ ತಂದೆಯದು ದಸ್ತಾವೇಜುಗಳನ್ನು ಬರೆದುಕೊಡುವ, ಹಣದ ವ್ಯವಹಾರ ನೋಡಿಕೊಳ್ಳುವ ವೃತ್ತಿ, ಬಿಡುವಿನಲ್ಲಿ ಸಂಗೀತರಚನೆ. ತಾತನು ರೋಮನ್ ಕ್ಯಾಥೊಲಿಕ್ ಮತದ ನಿಷ್ಠಾವಂತ. ಮಗನ ಕೋಣೆಯಲ್ಲಿ ಇಂಗ್ಲಿಷ್ ಬೈಬಲ್ ಸಿಕ್ಕಿತೆಂಬ ಕಾರಣಕ್ಕೆ ಅವನಿಗೆ ಆಸ್ತಿ ತಪ್ಪಿಸಿದನೆಂದು ಹಳೆಯ ಜೀವನಚರಿತ್ರಕಾರ ಆಬ್ರಿ ಬರೆದಿದ್ದಾನೆ. ತಾಯ್ನುಡಿಯ ಬೈಬಲ್ ಈ ಕುಟುಂಬಕ್ಕೆ ಕಪಾಟಿನ ಅಲಂಕಾರವಾಗಿರಲಿಲ್ಲ. ಪಿತ್ರಾರ್ಜಿತವನ್ನು ಬೆಲೆಯಾಗಿ ತೆತ್ತು ಪಡೆದ ವಸ್ತು.

ಹಾಗೆ ಹೊರಬಿದ್ದ ತಂದೆ ತನ್ನ ಮಗನಿಗೆ ಮಾತ್ರ ಯಾವ ಪುಸ್ತಕವನ್ನೂ ನಿಷೇಧಿಸಲಿಲ್ಲ. ಮನೆಯಲ್ಲಿ ಪಾಠ ಹೇಳಲು ಥಾಮಸ್ ಯಂಗ್ ಎಂಬ ಸ್ಕಾಟ್ಲೆಂಡಿನ ಪಾದ್ರಿಯನ್ನು ನೇಮಿಸಿದ; ಆಮೇಲೆ ಸೇಂಟ್ ಪಾಲ್ಸ್ ಶಾಲೆಗೆ ಸೇರಿಸಿದ. ಲ್ಯಾಟಿನ್, ಗ್ರೀಕ್, ಹೀಬ್ರೂ ಮೂರೂ ಹುಡುಗನಿಗೆ ಬಂದವು. ಹನ್ನೆರಡನೆಯ ವಯಸ್ಸಿನಿಂದ ನಡುರಾತ್ರಿಗೆ ಮುಂಚೆ ಅವನು ಮಲಗಿದ್ದೇ ಅಪರೂಪವಂತೆ. ಅವನಿಗಾಗಿ ಎಚ್ಚರವಿರಬೇಕೆಂದು ತಂದೆ ಮನೆಯ ದಾಸಿಗೆ ಆಜ್ಞೆ ಮಾಡಿದ್ದನಂತೆ. ಹದಿನೈದನೆಯ ವಯಸ್ಸಿಗೆ ಬೈಬಲ್ಲಿನ ಎರಡು ಕೀರ್ತನೆಗಳನ್ನು ಇಂಗ್ಲಿಷ್ ಪದ್ಯಕ್ಕೆ ತಂದ. ಹರೆಯದಲ್ಲಿ ಮನಸ್ಸು ಮೆಚ್ಚಿದ ಕವಿಯಾದರೋ ರೋಮಿನ ಆವಿಡ್; ದೇವತೆಗಳ ಪ್ರಣಯಗಳನ್ನೂ ರೂಪಾಂತರಗಳನ್ನೂ ಹಾಡಿದವನು. ಬಾಲಕನ ಎದೆಯಲ್ಲಿ ದಾವೀದನಿಗೂ ಆವಿಡ್‌ಗೂ ಇನ್ನೂ ಜಗಳ ಹುಟ್ಟಿರಲಿಲ್ಲ.

೧೬೨೫ರಲ್ಲಿ ಕೇಂಬ್ರಿಜ್‌ನ ಕ್ರೈಸ್ಟ್ಸ್ ಕಾಲೇಜು. ಅಲ್ಲಿ ಮಿಲ್ಟನ್‌ಗೆ ಸುಖವಿರಲಿಲ್ಲ. ಉಪಾಧ್ಯಾಯನೊಡನೆ ಕಲಹವಾಗಿ ಕೆಲಕಾಲ ಹೊರಗಿರಬೇಕಾಯಿತು. ಅದರಲ್ಲಿ ನನಗೆ ಹೆಚ್ಚಿನ ಆಸಕ್ತಿಯಿಲ್ಲ. ೧೬೨೯ರ ಡಿಸೆಂಬರಿನಲ್ಲಿ, ಇಪ್ಪತ್ತೊಂದು ತುಂಬಿದ ಕೆಲವೇ ದಿನಗಳಲ್ಲಿ, ಅವನು ಕ್ರಿಸ್ತನ ಜನನವನ್ನು ಕುರಿತು ಬರೆದ ಪ್ರಗಾಥ ಮಾತ್ರ ಗಮನಿಸತಕ್ಕದ್ದು. ಗೋದಲಿಯಲ್ಲಿ ಶಿಶು ಹುಟ್ಟುತ್ತಲೇ ಭೂಮಂಡಲದ ಹಳೆಯ ದೇವರುಗಳೆಲ್ಲ ಗುಡಿಗಳನ್ನು ಬಿಟ್ಟು ಓಡುತ್ತಾರೆ. ಡೆಲ್ಫಿಯ ಅಪೊಲೊ ಚೀರುತ್ತ ಇಳಿದುಹೋಗುತ್ತಾನೆ; ವನದೇವತೆಗಳು ಪೊದೆಗಳ ನೆರಳಲ್ಲಿ ಅಳುತ್ತಾರೆ; ಈಜಿಪ್ಟಿನ ಒಸೈರಿಸ್ ಕಾಣೆಯಾಗುತ್ತಾನೆ. ವಿಜಯಗೀತೆಯಾಗಬೇಕಾಗಿದ್ದ ಈ ಭಾಗವನ್ನು ಓದುವಾಗ ನನಗೆ ಪ್ರತಿಸಲವೂ ಕೇಳಿಸುವುದು ವಿಷಾದದ ದನಿ. ಗೆದ್ದವನ ಪಕ್ಷದಲ್ಲಿ ನಿಂತ ಕವಿ ಸೋತು ಹೊರಟವರನ್ನು ಬಾಗಿಲವರೆಗೆ ಹೋಗಿ ಬೀಳ್ಕೊಡುತ್ತಿದ್ದಾನೆ. ಮುಂದಿನ ನಲವತ್ತು ವರ್ಷಗಳ ಕಥೆಯ ಬೀಜ ಇದರಲ್ಲಿದೆ.

ಎಂ.ಎ. ಪದವಿ ಪಡೆದ ಮೇಲೆ, ೧೬೩೨ರಿಂದ ಸುಮಾರು ಆರು ವರ್ಷ, ಅವನು ಉದ್ಯೋಗವನ್ನೇ ಹಿಡಿಯದೆ ತಂದೆಯ ಮನೆಯಲ್ಲಿ ಕುಳಿತು ಓದಿದ. ಅಂಥ ತಂದೆಯಂದಿರು ಎಲ್ಲ ಕಾಲದಲ್ಲಿಯೂ ವಿರಳ. ಭಾಷೆಗಳನ್ನು ಕಲಿಸಿದ್ದಕ್ಕಾಗಿ ಅವನಿಗೆ ಕೃತಜ್ಞತೆ ಹೇಳಿ ಮಗ ಲ್ಯಾಟಿನ್ ಪದ್ಯವೊಂದನ್ನು ಬರೆದಿದ್ದಾನೆ. ೧೬೩೪ರಲ್ಲಿ ಕೊಂಡ ಯೂರಿಪಿಡೀಸನ ನಾಟಕಗಳ ಎರಡು ಸಂಪುಟಗಳು ಇಂದಿಗೂ ಆಕ್ಸ್‌ಫರ್ಡಿನ ಬಾಡ್ಲಿಯನ್ ಪುಸ್ತಕಾಲಯದಲ್ಲಿವೆ. ಜಿನೀವದಲ್ಲಿ ೧೬೦೨ರಲ್ಲಿ ಅಚ್ಚಾದ ಗ್ರೀಕ್ ಮೂಲ. ಅದರ ಅಂಚಿನಲ್ಲಿ ಮಿಲ್ಟನ್ ತನ್ನ ಕೈಯಿಂದಲೇ ಪಾಠಶುದ್ಧಿ ಮಾಡಿದ್ದಾನೆ. ಅಚ್ಚಿನ ತಪ್ಪನ್ನು ತಿದ್ದುವಷ್ಟು ಗ್ರೀಕ್ ಅವನಿಗೆ ಒಲಿದಿತ್ತು.

೧೬೩೭ರಲ್ಲಿ ಎಡ್ವರ್ಡ್ ಕಿಂಗ್ ಎಂಬ ಕಾಲೇಜಿನ ಒಡನಾಡಿ ಐರಿಷ್ ಸಮುದ್ರದಲ್ಲಿ ಹಡಗು ಒಡೆದು ಸತ್ತ. ಮಿಲ್ಟನ್ ಬರೆದ ಶೋಕಗೀತೆಯೇ 'ಲಿಸಿಡಸ್'. ಥಿಯೊಕ್ರಿಟಸ್, ವರ್ಜಿಲರ ಗೋಪಗೀತಗಳ ಸಂಪ್ರದಾಯದಂತೆ ಸತ್ತವನೂ ಅಳುವವನೂ ಕುರುಬರ ವೇಷದಲ್ಲಿದ್ದಾರೆ. ದುಃಖ ವಿಚಾರಿಸಲು ಅಪೊಲೊ ಬರುತ್ತಾನೆ, ಸಮುದ್ರದೇವತೆಯ ದೂತ ಬರುತ್ತಾನೆ. ಅವರ ಹಿಂದೆಯೇ ಸ್ವರ್ಗದ ಬೀಗದಕೈಗಳನ್ನು ಹಿಡಿದ ಸಂತ ಪೇತ್ರನೂ ಬಂದು ಭ್ರಷ್ಟ ಪಾದ್ರಿಗಳನ್ನು ಬಯ್ಯುತ್ತಾನೆ. ಹದಿನೆಂಟನೆಯ ಶತಮಾನದ ಡಾಕ್ಟರ್ ಜಾನ್ಸನ್‌ಗೆ ಇದು ಸಹನೆಯಾಗಲಿಲ್ಲ. ಪೊಳ್ಳು ಪುರಾಣವನ್ನು ಪವಿತ್ರ ಸತ್ಯದೊಡನೆ ಬೆರೆಸುವುದು ಅವನಿಗೆ ಅಪಚಾರವಾಗಿ ಕಂಡಿತು. ಜಾನ್ಸನ್ನನ ತೀರ್ಪನ್ನು ಇಂದಿನ ವಿಮರ್ಶಕರು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಆದರೂ ಪ್ರಶ್ನೆ ಇರುವ ಜಾಗವನ್ನು ಅವನು ಸರಿಯಾಗಿ ಮುಟ್ಟಿದ. ಅಪೊಲೊ ಸುಳ್ಳಾದರೆ ಅವನು ಹೇಳುವ ಸಾಂತ್ವನಕ್ಕೆ ಬೆಲೆಯೇನು?

೧೬೩೮ರಲ್ಲಿ ಮಿಲ್ಟನ್ ಇಟಲಿಗೆ ಹೋದ. ಫ್ಲಾರೆನ್ಸ್, ರೋಮ್, ನೇಪಲ್ಸ್ ನಗರಗಳ ವಿದ್ವತ್ಸಭೆಗಳು ಅವನನ್ನು ಆದರಿಸಿದವು. ಧರ್ಮಾಧಿಕಾರಿಗಳ ನಿರ್ಬಂಧದಲ್ಲಿದ್ದ ವೃದ್ಧ ಗೆಲಿಲಿಯೊವನ್ನು ಕಂಡನೆಂದು ಅವನೇ ಹೇಳಿಕೊಂಡಿದ್ದಾನೆ. ಇತ್ತ ಆ ವರ್ಷವೇ ಅವನ ಪ್ರಾಣಸ್ನೇಹಿತ ಚಾರ್ಲ್ಸ್ ಡಿಯೊಡಾಟಿ ಲಂಡನ್ನಿನಲ್ಲಿ ತೀರಿಕೊಂಡ. ಮನೆಗೆ ಮರಳಿದ ಮೇಲೆ ಮಿಲ್ಟನ್ ಬರೆದ ಲ್ಯಾಟಿನ್ ಶೋಕಗೀತೆಯ ಕೊನೆ ವಿಚಿತ್ರವಾಗಿದೆ. ಗೆಳೆಯ ಕ್ರೈಸ್ತರ ಸ್ವರ್ಗವನ್ನು ಸೇರಿದ್ದಾನೆ; ಆದರೆ ಆ ಸ್ವರ್ಗದ ವಿವಾಹೋತ್ಸವದಲ್ಲಿ ಸಂತರು ಮದ್ಯದೇವನಾದ ಬಾಕಸನ ದಂಡವನ್ನು ಹಿಡಿದವರಂತೆ ಮೈಮರೆತು ಕುಣಿಯುತ್ತಾರೆ. ಸಿಯೋನ್ ಪರ್ವತದ ಮೇಲೆ ಬಾಕಸನ ಕುಣಿತ! ಮಿಲ್ಟನ್ನನ ಕಾವ್ಯದಲ್ಲಿ ಎರಡು ಲೋಕಗಳು ಇಷ್ಟು ಹತ್ತಿರ ಬಂದದ್ದು ಇದೇ ಕೊನೆಯ ಸಲವೆಂದು ನನ್ನ ಎಣಿಕೆ.

ಮಹಾಕಾವ್ಯವೊಂದನ್ನು ಬರೆಯಬೇಕೆಂಬ ಸಂಕಲ್ಪ ಆ ವೇಳೆಗೆ ಗಟ್ಟಿಯಾಗಿತ್ತು. ಮೊದಲು ಹೊಳೆದ ನಾಯಕ ಬ್ರಿಟನ್ನಿನ ಆರ್ಥರ್ ದೊರೆ. ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿರುವ ಅವನ ಹಸ್ತಪ್ರತಿಯಲ್ಲಿ ಸುಮಾರು ನೂರು ವಸ್ತುಗಳ ಪಟ್ಟಿಯಿದೆ. ಹೆಚ್ಚಿನವು ಬೈಬಲ್ಲಿನವು, ಉಳಿದವು ಬ್ರಿಟನ್ನಿನ ಚರಿತ್ರೆಯವು. ಆದಾಮನ ಪತನವನ್ನು ನಾಟಕವಾಗಿ ಹವಣಿಸಿದ ಕರಡುಗಳೂ ಅಲ್ಲಿವೆ. ಅಷ್ಟರಲ್ಲಿ ದೇಶದಲ್ಲಿ ಅರಸನಿಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿಕೊಂಡಿತು. ಕವಿ ಇಪ್ಪತ್ತು ವರ್ಷ ಗದ್ಯ ಬರೆದ. ಬಿಷಪ್ಪರ ಮೇಲೆ ಬರೆದ; ೧೬೪೨ರಲ್ಲಿ ಮದುವೆಯಾದ ಮೇರಿ ಪೊವೆಲ್ ಸುಮಾರು ಒಂದು ತಿಂಗಳಿಗೇ ತವರಿಗೆ ಹೋಗಿ ಮರಳದೆ ನಿಂತಾಗ ವಿವಾಹವಿಚ್ಛೇದನದ ಪರವಾಗಿ ಬರೆದ. ಆ ಪುಸ್ತಿಕೆಗಳನ್ನು ಇಂದು ವಿದ್ವಾಂಸರಲ್ಲದೆ ಓದುವವರು ಕಡಮೆ. ೧೬೪೪ರ 'ಏರಿಯೊಪಜಿಟಿಕ' ಹಾಗಲ್ಲ.

ಅಚ್ಚಿಗೆ ಮೊದಲು ಸರ್ಕಾರದ ಅನುಮತಿ ಬೇಕೆಂಬ ಕಟ್ಟಳೆಯನ್ನು ವಿರೋಧಿಸಿ ಪಾರ್ಲಿಮೆಂಟಿಗೆ ಬರೆದ ಈ ಭಾಷಣದ ಹೆಸರು ಅಥೆನ್ಸಿನ ಏರಿಯೊಪಗಸ್ ನ್ಯಾಯಸಭೆಯಿಂದ ಬಂದದ್ದು, ಮಾದರಿ ಐಸಾಕ್ರಟೀಸನದು. ಪತ್ರಿಕಾಸ್ವಾತಂತ್ರ್ಯದ ಶಾಸನವೆಂದು ನಾವು ಇದನ್ನು ಹೊಗಳುತ್ತೇವೆ. ನಡುವೆ ಅವನು ತನ್ನ ಒಳಗಿನ ಮೊಕದ್ದಮೆಯನ್ನೂ ವಾದಿಸುತ್ತಿರುವುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಅನ್ಯಮತದ ಗ್ರಂಥಗಳನ್ನು ಭಕ್ತನು ಓದಬಹುದೆ? ಮೋಶೆ ಈಜಿಪ್ಟಿನ ವಿದ್ಯೆಯನ್ನು ಕಲಿತವನು. ಪೌಲನು ತನ್ನ ಪತ್ರಗಳಲ್ಲಿಯೇ ಗ್ರೀಕ್ ಕವಿಗಳ ಮಾತುಗಳನ್ನು ಸೇರಿಸಿಕೊಂಡವನು. ಕ್ರೈಸ್ತರು ಗ್ರೀಕ್ ಸಾಹಿತ್ಯವನ್ನು ಕಲಿಯಕೂಡದೆಂದು ಆಜ್ಞೆ ಹೊರಡಿಸಿದವನು ಕ್ರೈಸ್ತಮತದ ಶತ್ರುವಾದ ಜೂಲಿಯನ್ ಚಕ್ರವರ್ತಿ. ಕ್ರೈಸ್ತರನ್ನು ದುರ್ಬಲಗೊಳಿಸಲು ಅವನಿಗೆ ಕಂಡ ಹಂಚಿಕೆ ಅದು.

ಸಂತ ಜೆರೋಮನ ಕನಸನ್ನೂ ಮಿಲ್ಟನ್ ಇಲ್ಲಿ ತರುತ್ತಾನೆ. ಬೈಬಲ್ಲನ್ನು ಲ್ಯಾಟಿನ್ನಿಗೆ ತಂದ ಈ ನಾಲ್ಕನೆಯ ಶತಮಾನದ ಪಂಡಿತ ಸಿಸೆರೊವಿನ ಗದ್ಯಕ್ಕೆ ಮರುಳಾಗಿದ್ದವನು. ಜ್ವರದಲ್ಲಿ ಒಮ್ಮೆ ದೈವಸನ್ನಿಧಿಯಲ್ಲಿ ನಿಂತಂತೆಯೂ, ನೀನು ಕ್ರಿಸ್ತನವನಲ್ಲ ಸಿಸೆರೊವಿನವನೆಂದು ಚಾವಟಿಯ ಏಟು ಬಿದ್ದಂತೆಯೂ ಕನಸು ಕಂಡ. ಹೊಡೆದದ್ದು ದೇವದೂತನಲ್ಲ, ಸೈತಾನನೋ ಜ್ವರದ ಭ್ರಮೆಯೋ ಇರಬೇಕೆಂದು ಮಿಲ್ಟನ್ನನ ವಾದ. ದೇವದೂತನಾಗಿದ್ದರೆ ಗಂಭೀರನಾದ ಸಿಸೆರೊವಿಗಾಗಿ ಹೊಡೆದು, ಜೆರೋಮ್ ಅದೇ ಕಾಲದಲ್ಲಿ ಓದುತ್ತಿದ್ದ ಪೋಲಿ ಮಾತಿನ ಪ್ಲಾಟಸನಿಗಾಗಿ ಹೊಡೆಯದೆ ಬಿಡುವುದು ಪಕ್ಷಪಾತವಾಗುತ್ತಿತ್ತಂತೆ! ಹಾಸ್ಯ ಚೆನ್ನಾಗಿದೆ. ಆದರೆ ಆ ಚಾವಟಿಯ ನೆನಪು ಅವನಿಗೆ ಏಕೆ ಬಂತೆಂಬುದು ನನ್ನ ಕುತೂಹಲ.

೧೬೪೯ರ ಜನವರಿ ೩೦ರಂದು ಚಾರ್ಲ್ಸ್ ಅರಸನ ಶಿರಚ್ಛೇದನವಾಯಿತು. ಹೊಸ ಗಣರಾಜ್ಯ ತನ್ನ ವಿದೇಶೀ ಪತ್ರವ್ಯವಹಾರಕ್ಕೆ ಮಿಲ್ಟನ್ನನನ್ನು ಕಾರ್ಯದರ್ಶಿಯಾಗಿ ನೇಮಿಸಿತು. ಯೂರೋಪಿನ ಪಂಡಿತರಿಗೆ ಲ್ಯಾಟಿನ್ನಿನಲ್ಲಿ ಉತ್ತರ ಕೊಡುವ ಕೆಲಸದಲ್ಲಿ, ವೈದ್ಯರು ಬೇಡವೆಂದರೂ ಕೇಳದೆ, ಕಣ್ಣುಗಳನ್ನು ಸವೆಸಿದ. ೧೬೫೨ರ ವೇಳೆಗೆ ಪೂರ್ಣ ಕುರುಡ, ವಯಸ್ಸು ನಲವತ್ತಮೂರು. ಅದೇ ವರ್ಷ, ಅಷ್ಟರಲ್ಲಿ ಮರಳಿ ಬಂದಿದ್ದ ಮೇರಿ ಮೂವರು ಹೆಣ್ಣುಮಕ್ಕಳನ್ನು ಬಿಟ್ಟು ತೀರಿಕೊಂಡಳು. ಒಬ್ಬನೇ ಮಗನೂ ಹೋದ. ಎರಡನೆಯ ಹೆಂಡತಿ ಕ್ಯಾಥರೀನ್ ಮದುವೆಯಾಗಿ ಎರಡು ವರ್ಷವಾಗುವುದರೊಳಗೆ, ೧೬೫೮ರಲ್ಲಿ ಸತ್ತಳು. ೧೬೬೦ರಲ್ಲಿ ಅರಸೊತ್ತಿಗೆ ಮರಳಿತು. ಅವನ ಪುಸ್ತಕಗಳನ್ನು ಕೊಲೆಗಡುಕನ ಕೈಯಿಂದ ಸುಡಿಸಿದರು. ಅಡಗಿದ್ದ ಅವನನ್ನು ಸೆರೆಗೆ ಹಾಕಿ, ಡಿಸೆಂಬರಿನಲ್ಲಿ ಬಿಟ್ಟರು. ಕೂಡಿಟ್ಟಿದ್ದ ಹಣದ ಬಹುಭಾಗ ಮುಳುಗಿತು. ಅವನು ಬದುಕಿನ ಉದ್ದಕ್ಕೂ ನಂಬಿದ್ದ ರಾಜಕೀಯವೆಲ್ಲ ಮಣ್ಣುಪಾಲಾದ ಮೇಲೆಯೇ 'ಪ್ಯಾರಡೈಸ್ ಲಾಸ್ಟ್' ಮುಗಿಯಿತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಬೆಳಗಿನ ಜಾವ ನಾಲ್ಕಕ್ಕೆ ಅವನು ಏಳುತ್ತಿದ್ದ. ಮೊದಲು ಹೀಬ್ರೂ ಬೈಬಲ್ಲಿನಿಂದ ಒಬ್ಬರು ಓದಿ ಹೇಳಬೇಕು. ಸ್ವಲ್ಪ ಹೊತ್ತು ಮೌನ. ಆಮೇಲೆ ರಾತ್ರಿ ಮನಸ್ಸಿನಲ್ಲಿ ಕಟ್ಟಿಟ್ಟ ಪಂಕ್ತಿಗಳನ್ನು ಬರೆಸುವುದು. ನಲವತ್ತು ಪಂಕ್ತಿ ಬರೆಸಿ, ಆಮೇಲೆ ಅವನ್ನು ಅರ್ಧಕ್ಕೆ ಇಳಿಸುತ್ತಿದ್ದನಂತೆ. ವಸ್ತು ಆದಿಕಾಂಡದ ಮೊದಲ ಕೆಲವು ಅಧ್ಯಾಯಗಳು. ಮೂಲದಲ್ಲಿ ಎರಡು ಮೂರು ಪುಟ. ಕಾವ್ಯವೋ ಹತ್ತು ಸಾವಿರ ಪಂಕ್ತಿಗಳಿಗೂ ಮಿಗಿಲು. ಬೆಳೆದ ಭಾಗವೆಲ್ಲ ಎಲ್ಲಿಂದ ಬಂತು? ನರಕದಲ್ಲಿ ಸೈತಾನನ ಅನುಚರರು ನಡೆಸುವ ಮಂತ್ರಾಲೋಚನೆ ಹೋಮರನ ವೀರರ ಸಭೆ. ಸ್ವರ್ಗದ ಯುದ್ಧ ಟ್ರಾಯ್ ಯುದ್ಧದ ನೆರಳು. ಕಥೆ ನಡುವಿನಿಂದ ಮೊದಲಾಗುವುದು, ಹಿಂದಿನದನ್ನು ಅತಿಥಿಯೊಬ್ಬ ಊಟವಾದ ಮೇಲೆ ಹೇಳುವುದು, ಇವು ಪ್ರಾಚೀನರ ಪದ್ಧತಿ. ಹವ್ವ ಹುಟ್ಟಿದೊಡನೆ ಕೊಳದಲ್ಲಿ ತನ್ನ ಬಿಂಬವನ್ನು ಕಂಡು ಮೋಹಗೊಳ್ಳುವ ಸನ್ನಿವೇಶ ಬೈಬಲ್ಲಿನಲ್ಲಿಲ್ಲ. ಅದು ಆವಿಡ್ ಹೇಳಿದ ನಾರ್ಸಿಸಸನ ಕಥೆ. ಅಂತ್ಯಪ್ರಾಸವನ್ನು ಬಿಟ್ಟ ಸರಳ ರಗಳೆಗೆ ಕೊಟ್ಟ ಸಮರ್ಥನೆಯೂ ಹೋಮರ್ ವರ್ಜಿಲರದೇ. ೧೬೬೭ರಲ್ಲಿ ಹತ್ತು ಸರ್ಗಗಳಾಗಿ ಅಚ್ಚಾದ ಕಾವ್ಯವನ್ನು ೧೬೭೪ರಲ್ಲಿ ಹನ್ನೆರಡಾಗಿ ವಿಂಗಡಿಸಿದ. ವರ್ಜಿಲನ 'ಈನಿಯಡ್' ಹನ್ನೆರಡು.

ನರಕದ ಅರಮನೆಯನ್ನು ಕಟ್ಟಿದ ಶಿಲ್ಪಿಯನ್ನು ವರ್ಣಿಸುವಾಗ, ಇವನನ್ನೇ ಹಿಂದಿನವರು ಮಲ್ಸಿಬರ್ ಎಂದು ಕರೆದರೆಂದು ಕವಿ ಹೇಳುತ್ತಾನೆ. ಕೋಪಗೊಂಡ ಜೋವ್ ಅವನನ್ನು ಎಸೆದದ್ದು, ಬೇಸಿಗೆಯ ಒಂದು ಇಡೀ ದಿನ ಅವನು ಆಕಾಶದಿಂದ ಬೀಳುತ್ತಲೇ ಇದ್ದದ್ದು, ಹೊತ್ತು ಮುಳುಗುವಾಗ ಉಲ್ಕೆಯಂತೆ ಲೆಮ್ನಾಸ್ ದ್ವೀಪದಲ್ಲಿ ಬಿದ್ದದ್ದು, ಎಲ್ಲವನ್ನೂ ಮಂದಗತಿಯಲ್ಲಿ, ಪ್ರೀತಿಯಿಂದ ಹೇಳುತ್ತಾನೆ. ಆಮೇಲೆ, ಥಟ್ಟನೆ, ಇದೆಲ್ಲ ತಪ್ಪು ಕಥೆ ಎನ್ನುತ್ತಾನೆ. ತಪ್ಪಾದರೆ ಹೇಳಿದ್ದೇಕೆ? ವಿದ್ಯಾರ್ಥಿಗಳು ತರಗತಿಯಲ್ಲಿ ಇದನ್ನು ಕೇಳುವುದುಂಟು. ಏದನ್ ತೋಟದ ಚೆಲುವನ್ನು ಹೇಳಲು ಹೊರಟಾಗಲೂ ಹೀಗೆಯೇ: ಎನ್ನಾ ಬಯಲಿನಲ್ಲಿ ಹೂ ಕೊಯ್ಯುತ್ತಿದ್ದ ಪ್ರಾಸರ್ಪಿನಳನ್ನು ಪಾತಾಳದ ಒಡೆಯ ಹೊತ್ತೊಯ್ದ, ತಾಯಿ ಸೀರಿಸ್ ಅವಳನ್ನು ಲೋಕವೆಲ್ಲ ಅರಸಿದಳು, ಆ ಬಯಲು ಕೂಡ ಏದನಿಗೆ ಸಾಟಿಯಲ್ಲ. ಅಲ್ಲ ಎಂಬ ಮಾತಿನೊಳಗೇ ಆ ಹೆಣ್ಣು ತೋಟಕ್ಕೆ ಬಂದುಬಿಟ್ಟಿದ್ದಾಳೆ, ಹವ್ವಳಿಗೆ ಒದಗಲಿರುವ ಕೇಡನ್ನು ಸೂಚಿಸುತ್ತ. ಮೂಲಕಥೆಗೆ ಇಲ್ಲದ ಕರುಣೆ ಈ ಸುಳ್ಳು ಕಥೆಯಿಂದ ಬಂತು. ತನ್ನ ಕುರುಡನ್ನು ನೆನೆದಾಗಲೂ ಜೊತೆಗೆ ಕರೆದ ಅಂಧರು ಥಾಮಿರಿಸ್, ಹೋಮರ್, ಟೈರೀಸಿಯಸ್, ಫೀನಿಯಸ್, ನಾಲ್ವರೂ ಗ್ರೀಕರು.

ನಮ್ಮ ಕುವೆಂಪು ಅವರು 'ಶ್ರೀ ರಾಮಾಯಣ ದರ್ಶನಂ' ಕಾವ್ಯದ ಮೊದಲಲ್ಲಿ ನಮಿಸುವ ಕವಿಗಳ ಸಾಲಿನಲ್ಲಿ ಹೋಮರ್, ವರ್ಜಿಲ್, ಡಾಂಟೆಯರೊಡನೆ ಮಿಲ್ಟನ್ನನೂ ಇದ್ದಾನೆ. ಆ ಕಾವ್ಯದ ನಿಡಿದಾದ ಮಹೋಪಮೆಗಳನ್ನು ಮೆಚ್ಚುವ ಕನ್ನಡಿಗರು, ಮಿಲ್ಟನ್ನನಲ್ಲಿ ಅಂಥದೇ ಉಪಮೆ ಅಲಂಕಾರ ಮಾತ್ರವಾಗಿರದೆ, ನಂಬಲಾಗದ ಕಥೆಗೆ ಕೊಟ್ಟ ಆಶ್ರಯವೂ ಆಗಿತ್ತೆಂಬುದನ್ನು ಗಮನಿಸಬೇಕು.

೧೬೬೫ರಲ್ಲಿ ಲಂಡನ್ನಿಗೆ ಪ್ಲೇಗು ಬಂದಾಗ, ಅವನಿಗೆ ಲ್ಯಾಟಿನ್ ಓದಿ ಹೇಳುತ್ತಿದ್ದ ಥಾಮಸ್ ಎಲ್ವುಡ್ ಎಂಬ ತರುಣ ಚಾಲ್‌ಫಂಟ್ ಸೇಂಟ್ ಜೈಲ್ಸ್ ಹಳ್ಳಿಯಲ್ಲಿ ಮನೆ ಗೊತ್ತುಮಾಡಿಕೊಟ್ಟ. ಕಳೆದ ಸ್ವರ್ಗದ ಹಸ್ತಪ್ರತಿಯನ್ನು ಓದಿದ ಅವನು, ಮರಳಿ ದೊರೆತ ಸ್ವರ್ಗದ ವಿಷಯವೇನೆಂದು ಕೇಳಿದನಂತೆ. ೧೬೭೧ರಲ್ಲಿ 'ಪ್ಯಾರಡೈಸ್ ರಿಗೇನ್ಡ್' ಹೊರಬಂತು. ಅರಣ್ಯದಲ್ಲಿ ಉಪವಾಸವಿದ್ದ ಕ್ರಿಸ್ತನನ್ನು ಸೈತಾನ ಪರೀಕ್ಷಿಸುವ ಕಥೆ. ಸುವಾರ್ತೆಗಳಲ್ಲಿ ಸೈತಾನ ಒಡ್ಡುವ ಆಮಿಷಗಳು ಮೂರು. ಮಿಲ್ಟನ್ ಇನ್ನೊಂದನ್ನು ತಾನೇ ಸೇರಿಸಿದ: ಅಥೆನ್ಸ್. ಆಲಿವ್ ತೋಪು, ಕೋಗಿಲೆಯ ದನಿ, ಪ್ಲೇಟೊವಿನ ಆಶ್ರಮ, ಹೋಮರನ ಹಾಡು, ರುದ್ರನಾಟಕಗಳ ಮೇಳಗೀತೆಗಳು, ಇವನ್ನೆಲ್ಲ ಸೈತಾನ ಕ್ರಿಸ್ತನ ಮುಂದಿಡುತ್ತಾನೆ. ಕ್ರಿಸ್ತ ಎಲ್ಲವನ್ನೂ ತಳ್ಳಿಬಿಡುತ್ತಾನೆ. ಗ್ರೀಕ್ ತತ್ತ್ವಶಾಸ್ತ್ರ ಬರಿಯ ಊಹೆ. ಗ್ರೀಕ್ ಕಾವ್ಯ ಯೆಹೂದ್ಯರ ಕೀರ್ತನೆಗಳ ಮುಂದೆ ಏನೂ ಅಲ್ಲ.

ಅನೇಕ ವಿಮರ್ಶಕರು ಇಲ್ಲಿ ಮುಖ ಸಿಂಡರಿಸಿದ್ದಾರೆ. ಮುಪ್ಪಿನ ಮಿಲ್ಟನ್ ಕಠಿಣ ಮತನಿಷ್ಠನಾಗಿ ತನ್ನ ಯೌವನವನ್ನು ಶಪಿಸಿದನೆಂದು ಕೆಲವರು. ಮಾತು ಪಾತ್ರದ್ದು, ಕವಿಯದಲ್ಲವೆಂದು ಕೆಲವರು. ಎರಡೂ ನನಗೆ ಒಪ್ಪಿಗೆಯಿಲ್ಲ. ಇತರ ಆಮಿಷಗಳಾದ ಔತಣ, ಹಣ, ರೋಮಿನ ಅಧಿಕಾರ ಇವುಗಳ ಬಗ್ಗೆ ಮಿಲ್ಟನ್ನನಿಗೆ ಆಸೆಯಿರಲಿಲ್ಲ. ಅವನ್ನು ಬಿಡುವುದು ಅವನಿಗೆ ತ್ಯಾಗವಲ್ಲ. ಬಿಡಲು ನೋವಾಗುವ ವಸ್ತು ಅವನಲ್ಲಿದ್ದದ್ದು ಒಂದೇ. ಅದನ್ನು ಸೈತಾನನ ಕೈಯಲ್ಲಿ ಕೊಟ್ಟ. ಆದರೆ ಕೊಡುವಾಗ ಕಾವ್ಯದ ಅತ್ಯಂತ ಮಧುರವಾದ ಪಂಕ್ತಿಗಳನ್ನೂ ಅದರೊಡನೆ ಕೊಟ್ಟ. ನಿರಾಕರಣೆಯ ಮಾತಾದರೋ ಒರಟು, ಅವಸರದ್ದು. ಜೆರೋಮನ ಚಾವಟಿಯನ್ನು ತನ್ನ ಬೆನ್ನಿಗೆ ತಾನೇ ಬೀಸಿಕೊಂಡವನ ದನಿ ಅಲ್ಲಿ ನನಗೆ ಕೇಳಿಸುತ್ತದೆ.

ಇಷ್ಟು ಹೇಳಿದವನು ಅದೇ ಸಂಪುಟದಲ್ಲಿ, ಅದೇ ಹೊಲಿಗೆಯೊಳಗೆ, 'ಸ್ಯಾಮ್ಸನ್ ಅಗನಿಸ್ಟೀಸ್' ಎಂಬ ನಾಟಕವನ್ನೂ ಅಚ್ಚುಮಾಡಿಸಿದ. ನಾಯಕ ಬೈಬಲ್ಲಿನ ನ್ಯಾಯಸ್ಥಾಪಕರ ಪುಸ್ತಕದ ಸಂಸೋನ. ಕಣ್ಣು ಕೀಳಿಸಿಕೊಂಡು ಶತ್ರುಗಳ ಗಾಜಾ ಪಟ್ಟಣದಲ್ಲಿ ಬೀಸುಕಲ್ಲಿಗೆ ಕಟ್ಟಿಬಿದ್ದವನು. ರೂಪ ಶುದ್ಧ ಗ್ರೀಕ್ ರುದ್ರನಾಟಕ: ಒಂದೇ ದಿನ, ಒಂದೇ ಸ್ಥಳ, ಸುತ್ತ ಮೇಳ, ಕೊನೆಯ ಅನಾಹುತವನ್ನು ಬಂದು ಹೇಳುವ ದೂತ. ಮುನ್ನುಡಿಯಲ್ಲಿ ಅರಿಸ್ಟಾಟಲನನ್ನು ನೆನೆದು, ಈಸ್ಕಿಲಸ್, ಸೋಫೊಕ್ಲೀಸ್, ಯೂರಿಪಿಡೀಸರಿಗೆ ಸಮಾನರಿಲ್ಲವೆನ್ನುತ್ತಾನೆ. ಪೌಲನು ಯೂರಿಪಿಡೀಸನ ಪಂಕ್ತಿಯೊಂದನ್ನು ಧರ್ಮಗ್ರಂಥದೊಳಗೆ ಸೇರಿಸಿದ್ದನ್ನು ಮತ್ತೆ ಸಾಕ್ಷಿಗೆ ಕರೆಯುತ್ತಾನೆ. ಸೋಫೊಕ್ಲೀಸನ 'ಏಜಾಕ್ಸ್' ನಾಟಕದ ಅಚ್ಚಿನಲ್ಲಿ ಮಹಾಭಾರತದ ಅಶ್ವತ್ಥಾಮನನ್ನು ಎರಕಹೊಯ್ದ ಬಿ.ಎಂ.ಶ್ರೀ. ಅವರ ಸಾಹಸವನ್ನು ಬಲ್ಲ ಕನ್ನಡ ಓದುಗನಿಗೆ ಈ ಕೆಲಸದ ಕಷ್ಟ ಅರ್ಥವಾಗುತ್ತದೆ. ಅನ್ಯರ ರೂಪವನ್ನು ತಂದರೆ ಅದರ ಹಿಂದಿನ ವಿಧಿಯ ಕಲ್ಪನೆಯೂ ಬರುತ್ತದೆ. ಸಂಸೋನನು ದೇವರ ಪ್ರೇರಣೆಯಿಂದ ಕಂಬಗಳನ್ನು ಎಳೆದನೆ, ಹತಾಶೆಯಿಂದಲೆ? ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ.

'ಪ್ಯಾರಡೈಸ್ ಲಾಸ್ಟ್' ಕಾವ್ಯದ ಹಕ್ಕಿಗೆ ಪ್ರಕಾಶಕ ಸಿಮನ್ಸ್ ೧೬೬೭ರ ಏಪ್ರಿಲ್ ೨೭ರ ಕರಾರಿನಂತೆ ಮೊದಲು ಐದು ಪೌಂಡು ಕೊಟ್ಟ. ಮೊದಲ ಮುದ್ರಣ ಮಾರಾಟವಾದಾಗ ಇನ್ನೈದು. ಕವಿ ಬದುಕಿದ್ದಾಗ ಬಂದದ್ದು ಅಷ್ಟೆ. ೧೬೭೪ರ ನವೆಂಬರಿನಲ್ಲಿ ಅವನು ತೀರಿಕೊಂಡ. ಸೇಂಟ್ ಜೈಲ್ಸ್ ಕ್ರಿಪಲ್‌ಗೇಟ್ ಚರ್ಚಿನಲ್ಲಿ ತಂದೆಯ ಬಳಿ ಹೂಳಿದರು.

ಆ ಮನೆಯ ಹೆಣ್ಣುಮಕ್ಕಳ ಮಾತು ಉಳಿದಿದೆ. ಕುರುಡ ತಂದೆಗೆ ಪುಸ್ತಕ ಓದುವ ಕೆಲಸ ಚಿಕ್ಕವರಾದ ಮೇರಿ, ಡೆಬೊರಾ ಇಬ್ಬರ ಮೇಲೆ ಬಿದ್ದಿತ್ತು. ಹೀಬ್ರೂ, ಗ್ರೀಕ್, ಲ್ಯಾಟಿನ್ ಭಾಷೆಗಳನ್ನು ತಪ್ಪಿಲ್ಲದೆ ಉಚ್ಚರಿಸಲು ಅವನು ಅವರಿಗೆ ಕಲಿಸಿದ, ಅರ್ಥವನ್ನು ಕಲಿಸಲಿಲ್ಲ. ಅರ್ಥವಾಗದ ಪುಟಗಳನ್ನು ಅವರು ಗಂಟೆಗಟ್ಟಲೆ ಓದಬೇಕಾಗಿತ್ತು. ಇದು ಅವರಿಗೆ ಯಾತನೆಯಾಗಿ, ಕೊನೆಗೆ ಮನೆಯಲ್ಲಿ ಬಹಿರಂಗ ಅಸಮಾಧಾನ ಹುಟ್ಟಿತೆಂದು ಕವಿಯ ಸೋದರಳಿಯ ಎಡ್ವರ್ಡ್ ಫಿಲಿಪ್ಸ್ ಬರೆದಿದ್ದಾನೆ. ಕವಿ ಸಾಯುವ ಮೊದಲೇ ಡೆಬೊರಾ ಮನೆ ಬಿಟ್ಟಳು, ನೇಕಾರನೊಬ್ಬನನ್ನು ಮದುವೆಯಾದಳು. ೧೭೨೭ರಲ್ಲಿ ಅವಳು ಸಾಯುವುದಕ್ಕೆ ಸ್ವಲ್ಪ ಮೊದಲು ವಿದ್ವಾಂಸನೊಬ್ಬ ಅವಳನ್ನು ಕಂಡು, ತಂದೆ ಹೆಚ್ಚಾಗಿ ಓದಿಸುತ್ತಿದ್ದ ಪುಸ್ತಕಗಳು ಯಾವುವೆಂದು ಕೇಳಿದ. ಯೆಶಾಯ, ಹೋಮರ್, ಆವಿಡ್‌ನ 'ಮೆಟಮಾರ್ಫಸಿಸ್' ಎಂದು ಹೇಳಿದಳು. ಅವನು ಕೇಳಿಕೊಂಡಾಗ, ಎಪ್ಪತ್ತು ದಾಟಿದ ಆ ಮುದುಕಿ ಹೋಮರನ ಮೊದಲಿನ ಪಂಕ್ತಿಗಳನ್ನೂ ಆವಿಡ್‌ನ ಮೊದಲಿನ ಪಂಕ್ತಿಗಳನ್ನೂ ಒಂದಾದಮೇಲೊಂದರಂತೆ ತಡವರಿಸದೆ ಒಪ್ಪಿಸಿದಳು.